ಹಬೆಯೇಳುವ ಊರುಗಳ ದಾರಿ

(ಅತ್ತೆ ಪುತ್ತೂರಿನ ಕಡೆಯವರು, ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಅಕ್ಟೋಬರ್ ಕೊನೆಯಲ್ಲಿ ಮಗನೊಡನೆ ಜಪಾನಿನ ಕ್ಯೂಶೂ ದ್ವೀಪವನ್ನು ಕಾರಿನಲ್ಲಿ ಸುತ್ತಿ ಬಂದಿದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಮೊದಲ ಸಲ ಜಪಾನಿಗೆ ಹೊರಟಿದ್ದಾಳೆ. ಅತ್ತೆಯ ಮನೆಯ ಜಗಲಿಯಲ್ಲಿ ಸಂಜೆ ನಡೆದ ಮಾತು.)

ಹುಡುಗಿ: ಅತ್ತೇ, ಏಳು ದಿನ ರಜೆ ಸಿಕ್ಕಿದೆ. ಟೋಕಿಯೋ, ಕ್ಯೋಟೋ, ಒಸಾಕಾ ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಅಪ್ಪ ಮಾತ್ರ, "ಅತ್ತೆಯನ್ನು ಒಂದು ಮಾತು ಕೇಳು, ಅವಳು ಹೋದ ದಾರಿಯೇ ಬೇರೆ" ಅಂದರು.

ಅತ್ತೆ: ಆ ಊರುಗಳನ್ನು ಬಿಡು ಎಂದು ನಾನು ಹೇಳುವುದಿಲ್ಲ. ಏಳರಲ್ಲಿ ಮೂರು ದಿನ ಈ ದಾರಿಗೆ ಇಡು, ಅಷ್ಟೇ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ನೈರುತ್ಯದ ತುದಿಯದ್ದು ಕ್ಯೂಶೂ. ಅದರ ಪೂರ್ವ ಕರಾವಳಿಯಲ್ಲಿ ಬೆಪ್ಪು ಪಟ್ಟಣ ಉಂಟು, ನಡುವಿನಲ್ಲಿ ಆಸೋ ಜ್ವಾಲಾಮುಖಿ ಉಂಟು. ಒಂದರಿಂದ ಇನ್ನೊಂದಕ್ಕೆ ನೂರು ಕಿಲೋಮೀಟರ್ ಆಸುಪಾಸು. ಆ ದಾರಿಯ ಮುಖ್ಯ ಭಾಗ ಯಾಮಾನಮಿ ಹೈವೇ, ಸುಮಾರು 50 ಕಿಲೋಮೀಟರ್. ಯಾಮಾನಮಿ ಎಂದರೆ ಬೆಟ್ಟಗಳ ಸಾಲು. 1964ರಲ್ಲಿ ಟೋಲ್ ರಸ್ತೆಯಾಗಿ ತೆರೆದರು, 1994ರಿಂದ ಟೋಲ್ ಇಲ್ಲ.

ಹುಡುಗಿ: ನೂರು ಕಿಲೋಮೀಟರಿಗೆ ಮೂರು ದಿನವಾ?

ಅತ್ತೆ: ಓಡಿಸಿಕೊಂಡೇ ಹೋದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ದಾರಿಯುದ್ದಕ್ಕೂ ನೆಲದಿಂದ ಹಬೆ ಏಳುವ ಊರುಗಳು. ಒಂದೊಂದು ಊರಿನ ನೀರಿಗೆ ಒಂದೊಂದು ಗುಣ, ಒಂದೊಂದು ಕತೆ. ಅಲ್ಲಿ ಇಳಿದು ಮಿಂದು, ರಾತ್ರಿ ತಂಗಿ, ಬೆಳಿಗ್ಗೆ ಮುಂದಕ್ಕೆ ಹೊರಡಬೇಕು. ಹಾಗೆ ಹೋದರೆ ಮೂರು ದಿನವೂ ಕಡಿಮೆಯೇ.

ಹುಡುಗಿ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ?

ಅತ್ತೆ: ಇಲ್ಲಿಂದ ಹೊರಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಟ್ಟ ಪರ್ಮಿಟ್ಟನ್ನು ಜಪಾನ್ ಒಪ್ಪುತ್ತದೆ, ಭಾರತ ಆ ಒಪ್ಪಂದಕ್ಕೆ ಸೇರಿದ ದೇಶ. ಊರಿನ ಲೈಸೆನ್ಸೂ ಪಾಸ್‌ಪೋರ್ಟೂ ಜೊತೆಗಿರಲಿ. ಅಲ್ಲೂ ವಾಹನ ಎಡಕ್ಕೇ ಓಡುವುದು, ಸ್ಟೀರಿಂಗ್ ಬಲಕ್ಕೇ ಇರುವುದು. ಹಾಗಾಗಿ ಅರ್ಧ ದಿನದಲ್ಲಿ ಕೈ ಕೂರುತ್ತದೆ. ಕಲಿಯಬೇಕಾದದ್ದು ತಾಳ್ಮೆ. ತಲೆಕೆಳಗಾದ ಕೆಂಪು ತ್ರಿಕೋನದ ಫಲಕ ಕಂಡರೆ ಅದು ‘ತೊಮಾರೆ’, ನಿಲ್ಲು ಎಂದರ್ಥ. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ರೈಲ್ವೆ ಗೇಟು ತೆರೆದೇ ಇದ್ದರೂ ನಿಲ್ಲಿಸಿ, ಆಚೀಚೆ ನೋಡಿ ದಾಟಬೇಕು. ಫಲಕ ಇಲ್ಲದ, ನಡುಗೆರೆ ಎಳೆದ ಸಾಮಾನ್ಯ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ಮಿತಿ. ಕುಡಿದು ಓಡಿಸಿದರೆ ಓಡಿಸಿದವರಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಪಕ್ಕದಲ್ಲಿ ಕೂತವರಿಗೂ ಶಿಕ್ಷೆ ಉಂಟು.

ಹುಡುಗಿ: ದಾರಿ ತಪ್ಪಿದರೆ? ಜಪಾನಿ ಅಕ್ಷರ ನನಗೆ ಓದಲು ಬರುವುದಿಲ್ಲ.

ಅತ್ತೆ: ಬಾಡಿಗೆ ಕಾರಿನ ನ್ಯಾವಿಗೇಶನ್ನಿನಲ್ಲಿ ಹೋಗಬೇಕಾದ ಜಾಗದ ಫೋನ್ ನಂಬರ್ ಒತ್ತಿದರೆ ಸಾಕು, ದಾರಿ ತೋರಿಸುತ್ತದೆ. ಇನ್ನು ಹಳ್ಳಿಗಳ ಮಗ್ಗುಲಲ್ಲಿ ‘ಮಿಚಿ ನೊ ಎಕಿ’ ಎಂಬ ತಂಗುದಾಣಗಳಿವೆ. ಹೆಸರಿನ ಅರ್ಥವೇ ದಾರಿಯ ನಿಲ್ದಾಣ ಎಂದು. 1993ರಲ್ಲಿ ಶುರುವಾದ ವ್ಯವಸ್ಥೆ, ಈಗ ಇಡೀ ದೇಶದಲ್ಲಿ 1,200ಕ್ಕೂ ಹೆಚ್ಚು ಇವೆ. ಕಾರು ನಿಲ್ಲಿಸಲು ಜಾಗ, ಹಗಲಿರುಳೂ ತೆರೆದಿರುವ ಚೊಕ್ಕ ಶೌಚಾಲಯ, ಅದೇ ಊರಿನ ರೈತರು ಬೆಳಿಗ್ಗೆ ತಂದಿಟ್ಟ ತರಕಾರಿ, ಹಣ್ಣು, ಉಪ್ಪಿನಕಾಯಿ. ಎಷ್ಟೋ ಕಡೆ ಕಟ್ಟಿನ ಮೇಲೆ ಬೆಳೆದವರ ಹೆಸರನ್ನೇ ಅಂಟಿಸಿರುತ್ತಾರೆ.

ಹುಡುಗಿ: ಸರಿ, ಮೊದಲ ದಿನ ಬೆಪ್ಪು. ಅಲ್ಲಿ ಏನಿದೆ?

ಅತ್ತೆ: ಊರೊಳಗೆ ಕಾಲಿಡುವ ಮೊದಲೇ ಹಬೆ ಕಾಣುತ್ತದೆ. ಮನೆಗಳ ನಡುವೆ, ಚರಂಡಿಯ ಬಾಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬಿಳಿ ಹಬೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಸಿನೀರಿನ ಸೆಲೆಗಳಿವೆ. ಜಪಾನಿನಲ್ಲಿ ಇಷ್ಟು ಬಿಸಿನೀರು ಉಕ್ಕುವ ಊರು ಇನ್ನೊಂದಿಲ್ಲ. ಹಿಂದಿನ ಬೆಟ್ಟಗಳ ಮೇಲೆ ಸುರಿದ ಮಳೆ ನೆಲದ ಆಳಕ್ಕೆ ಇಳಿದು, ಜ್ವಾಲಾಮುಖಿಯ ಶಾಖದಲ್ಲಿ ಕಾದು, ಕಲ್ಲಿನ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಇವತ್ತು ಮೈಮೇಲೆ ಬೀಳುವ ನೀರು ಸುಮಾರು ಐವತ್ತು ವರ್ಷ ಹಿಂದಿನ ಮಳೆ ಎಂದು ಅಲ್ಲಿಯವರು ಹೇಳುತ್ತಾರೆ. ನಾನು ಮದುವೆಯಾದ ಕಾಲದ ಮಳೆಯಲ್ಲಿ ಮಿಂದೆ ಎಂದು ನೆನೆದು ನನಗೆ ಮೈ ಜುಮ್ಮೆಂದಿತು.

ಹುಡುಗಿ: ನೋಡಲಿಕ್ಕೆಂದೇ ಇರುವ ಕೊಳಗಳೂ ಇವೆಯಂತೆ?

ಅತ್ತೆ: ಅವನ್ನು ‘ಜಿಗೊಕು’, ಅಂದರೆ ನರಕ ಎಂದು ಕರೆಯುತ್ತಾರೆ. ಉಮಿ ಜಿಗೊಕು ಸಮುದ್ರದಂಥ ನೀಲಿ, ನೀರಿನ ಬಿಸಿ 98 ಡಿಗ್ರಿ. ಚಿನೊಇಕೆ ಜಿಗೊಕು ಕಬ್ಬಿಣಾಂಶದ ಕೆಸರಿನಿಂದ ರಕ್ತದಂತೆ ಕೆಂಪು. ಅಲ್ಲಿ ಯಾರೂ ಮೀಯುವ ಹಾಗಿಲ್ಲ. ಆದರೆ ನನಗೆ ಹಿಡಿಸಿದ್ದು ಆ ಬಿಸಿಯನ್ನು ಜನ ದಿನದ ಬದುಕಿಗೆ ಒಗ್ಗಿಸಿಕೊಂಡ ರೀತಿ. ಕನ್ನಾವಾ ಎಂಬ ಕೇರಿಯಲ್ಲಿ ನೆಲದ ಹಬೆಯಲ್ಲೇ ಅಡುಗೆ ಬೇಯಿಸುತ್ತಾರೆ. ಕಲ್ಲಿನ ಒಲೆಯ ಮುಚ್ಚಳ ತೆಗೆದು, ಬಿದಿರ ಬುಟ್ಟಿಯಲ್ಲಿ ಗೆಣಸು, ಕುಂಬಳ, ಜೋಳದ ತೆನೆ ಇಳಿಸಿ ಮುಚ್ಚುವುದು. ನಮ್ಮ ಅಟ್ಟಿನಳಗೆಯಲ್ಲಿ ಕಡುಬು ಬೇಯುವ ಹಾಗೆಯೇ ಬೇಯುತ್ತದೆ, ಸೌದೆ ಬೇಡ, ಗ್ಯಾಸ್ ಬೇಡ. ಅಲ್ಲಿ ಸಾರಿಗೂ ಪಲ್ಯಕ್ಕೂ ಮೀನಿನ ರಸ ಸೇರಿರುತ್ತದೆ. ನಮ್ಮಂಥ ಸಸ್ಯಾಹಾರಿಗಳಿಗೆ ಈ ಹಬೆಯ ಊಟ ದೊಡ್ಡ ಸಮಾಧಾನ.

ಗುಡ್ಡದ ಮೇಲೆ ಮ್ಯೋಬಾನ್ ಎಂಬ ಕೇರಿ ಉಂಟು, ಅಲ್ಲಿ ಹುಲ್ಲು ಹೊದಿಸಿದ ಗುಡಿಸಲುಗಳ ಸಾಲು. ಒಳಗೆ ನೆಲಕ್ಕೆ ನೀಲಿ ಜೇಡಿಮಣ್ಣು ಹಾಸಿ, ಕೆಳಗಿನಿಂದ ಗಂಧಕದ ಹಬೆ ಏರಲು ಬಿಡುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಮಣ್ಣಿನ ಮೇಲೆ ಹರಳು ಬೆಳೆಯುತ್ತದೆ. ‘ಯುನೊಹಾನಾ’, ಬಿಸಿನೀರಿನ ಹೂವು ಎಂದು ಹೆಸರು. ಮನೆಗೆ ಒಯ್ದು ಮೀಯುವ ನೀರಿಗೆ ಹಾಕಿಕೊಳ್ಳುವ ಪುಡಿ ಅದು. ಈ ಕಸುಬು ಇನ್ನೂರು ಮುನ್ನೂರು ವರ್ಷ ಹಿಂದಿನ ಎಡೋ ಕಾಲದ್ದು. 2006ರಲ್ಲಿ ಜಪಾನ್ ಸರ್ಕಾರ ಇದನ್ನು ಮಹತ್ವದ ಜಾನಪದ ಪರಂಪರೆ ಎಂದು ಗುರುತಿಸಿತು.

ಹುಡುಗಿ: ಅತ್ತೇ, ಒಂದು ಮಾತು ಕೇಳಬೇಕು. ಎಲ್ಲರ ಎದುರು ಬಟ್ಟೆ ಇಲ್ಲದೆ ಮೀಯುವುದು ಅಂದರೆ ನನಗೆ ಈಗಲೇ ಕೈಕಾಲು ತಣ್ಣಗಾಗುತ್ತಿದೆ. ನಿಮಗೆ ಹೇಗೆ ಆಯಿತು?

ಅತ್ತೆ: ನಾನೂ ಮೊದಲ ಸಂಜೆ ಬಾಗಿಲ ತನಕ ಹೋಗಿ ವಾಪಸು ಬಂದೆ ಮಾರಾಯ್ತಿ. ನಮ್ಮಲ್ಲಿ ಅಂಥ ರೂಢಿ ಇಲ್ಲವಲ್ಲ. ಮರುದಿನ ಬೆಪ್ಪುವಿನ ಒಂದು ಕೇರಿಯ ಸ್ನಾನಗೃಹಕ್ಕೆ ಹೋದೆ. ಅಲ್ಲಿ ಕೇರಿಗೊಂದು ಸ್ನಾನಗೃಹ, ಕೆಳಗೆ ಬಚ್ಚಲು, ಎಷ್ಟೋ ಕಡೆ ಮೇಲಿನ ಅಂತಸ್ತಿನಲ್ಲಿ ಊರವರ ಸಭೆ ಸೇರುವ ಕೋಣೆ. ಕೇರಿಯವರೇ ಗುಡಿಸಿ ತೊಳೆದು ನಡೆಸುತ್ತಾರೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಒಳಗೆ ನನ್ನ ವಯಸ್ಸಿನವರೇ ನಾಲ್ಕು ಜನ ಇದ್ದರು. ಯಾರೂ ನನ್ನನ್ನು ದಿಟ್ಟಿಸಲಿಲ್ಲ. ಒಬ್ಬರು ಮಣೆ ಸರಿಸಿ ಕೊಟ್ಟರು, ಇನ್ನೊಬ್ಬರು ತಂಬಿಗೆಯಲ್ಲಿ ನೀರು ತೆಗೆದು, ಮೊದಲು ಕಾಲಿಗೆ, ಆಮೇಲೆ ಹೆಗಲಿಗೆ ಎಂದು ಸನ್ನೆಯಲ್ಲೇ ತೋರಿಸಿದರು. ಐದು ನಿಮಿಷದಲ್ಲಿ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಜ್ಜಿಯ ಕಾಲದಲ್ಲಿ ದೀಪಾವಳಿಯ ನಸುಕಿನಲ್ಲಿ ಮನೆಯ ಹೆಂಗಸರೆಲ್ಲ ಬಚ್ಚಲು ಕೊಟ್ಟಿಗೆಯಲ್ಲಿ ಸೇರಿ ಒಬ್ಬರ ತಲೆಗೆ ಒಬ್ಬರು ಎಣ್ಣೆ ತಟ್ಟುತ್ತಿದ್ದದ್ದು ನೆನಪಾಯಿತು.

ಹುಡುಗಿ: ಕ್ರಮ ಏನು? ತಪ್ಪು ಮಾಡಿದರೆ ಅವರಿಗೆ ಬೇಸರ ಆಗಬಾರದು.

ಅತ್ತೆ: ಕೊಳಕ್ಕೆ ಇಳಿಯುವುದು ಮೈ ಕಾಯಿಸಲು, ತೊಳೆಯಲು ಅಲ್ಲ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಮಣೆಯ ಮೇಲೆ ಕೂತು ಸೋಪು ಹಚ್ಚಿ ತೊಳೆದು, ನೊರೆ ಒಂದು ಚೂರೂ ಉಳಿಯದಂತೆ ನೀರು ಹುಯ್ದುಕೊಂಡು ಆಮೇಲೆ ಇಳಿ. ಕೂದಲು ಮೇಲಕ್ಕೆ ಕಟ್ಟಿಕೊ. ಚಿಕ್ಕ ಟವೆಲನ್ನು ನೀರಿಗೆ ಅದ್ದಬಾರದು, ಮಡಚಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ನೀರು 40ರಿಂದ 43 ಡಿಗ್ರಿಯಷ್ಟು ಬಿಸಿ. ಮೊದಲ ಸಲ ಐದು ನಿಮಿಷ ಸಾಕು, ಎದ್ದು ಕೂತು, ನೀರು ಕುಡಿದು ಮತ್ತೆ ಇಳಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಮೈಮೇಲೆ ಹಚ್ಚೆ ಇದ್ದವರನ್ನು ಕೆಲವು ಕಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಬೇಕು. ಒಬ್ಬಳೇ ಮೀಯಬೇಕು ಎನ್ನಿಸಿದರೆ ‘ಕಝೋಕು ಬುರೊ’ ಎಂದು ಕೇಳು. ಕುಟುಂಬಕ್ಕೆಂದು ಗಂಟೆಯ ಲೆಕ್ಕದಲ್ಲಿ ಕೊಡುವ ಬಚ್ಚಲು, ಕ್ಯೂಶೂವಿನಲ್ಲಿ ಬೇಕಾದಷ್ಟು ಸಿಗುತ್ತವೆ.

ಹುಡುಗಿ: ಬಿಸಿನೀರಿನ ಬುಗ್ಗೆ ಅಂದರೆ ಎಷ್ಟು ಬಿಸಿ ಇರಬೇಕು ಎಂದು ಲೆಕ್ಕ ಇದೆಯಾ?

ಅತ್ತೆ: ಕಾನೂನೇ ಉಂಟು. ಬಿಸಿನೀರಿನ ಬುಗ್ಗೆಗೆ ಅಲ್ಲಿ ‘ಒನ್ಸೆನ್’ ಎನ್ನುತ್ತಾರೆ. 1948ರ ಒನ್ಸೆನ್ ಕಾಯ್ದೆಯ ಪ್ರಕಾರ ಸೆಲೆಯಲ್ಲಿ ನೀರು 25 ಡಿಗ್ರಿ ಅಥವಾ ಅದಕ್ಕಿಂತ ಬಿಸಿ ಇರಬೇಕು, ಇಲ್ಲವೇ ಪಟ್ಟಿ ಮಾಡಿದ 19 ಅಂಶಗಳಲ್ಲಿ ಒಂದಾದರೂ ಹೇಳಿದ ಪ್ರಮಾಣದಲ್ಲಿ ಇರಬೇಕು. ಆ ಲೆಕ್ಕದಲ್ಲಿ ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರುತೀರ್ಥವೂ ಒನ್ಸೆನ್ನೇ. ಹೊಳೆಯ ದಂಡೆಯಲ್ಲಿ ಉಗುರುಬೆಚ್ಚಗಿನ ನೀರು ಉಕ್ಕುವ ಆ ಕೆರೆಗೆ ಚಿಕ್ಕಂದಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಜಪಾನಿನಲ್ಲಿ ಊರುಗಳು ಬಿಸಿನೀರಿನ ಸುತ್ತ ಹೇಗೆ ಬೆಳೆದಿವೆ ಎಂದು ನೋಡುವಾಗ ನನಗೆ ಮತ್ತೆ ಮತ್ತೆ ಆ ಕೆರೆಯೇ ಕಣ್ಣಿಗೆ ಬರುತ್ತಿತ್ತು.

ಹುಡುಗಿ: ಹಾಗಾದರೆ ಎರಡನೆಯ ದಿನಕ್ಕೆ ಬನ್ನಿ.

ಅತ್ತೆ: ಬೆಪ್ಪುವಿನಿಂದ ಏರು ದಾರಿ. ಯೂಫು ಬೆಟ್ಟದ ಬುಡ ಬಳಸಿ ಹೋಗುತ್ತದೆ, ಅದರ ಎತ್ತರ 1,583 ಮೀಟರ್, ತುದಿ ಎರಡಾಗಿ ಸೀಳಿದೆ. ಇಳಿಯುವ ಮೊದಲು ಸಗಿರಿದಾಯ್ ಎಂಬಲ್ಲಿ ಕಾರು ನಿಲ್ಲಿಸು. ಕೆಳಗೆ ಬೋಗುಣಿಯಂಥ ಕಣಿವೆ, ಗದ್ದೆಗಳ ನಡುವೆ ಯೂಫುಇನ್ ಊರು. ಬೆಳಿಗ್ಗೆ ಬೇಗ ಹೋದರೆ ಕಣಿವೆ ತುಂಬ ಮಂಜು. ಊರಿನಲ್ಲಿ ಕಿನ್‌ರಿನ್ ಎಂಬ ಸಣ್ಣ ಕೆರೆ ಉಂಟು. ತಳದಲ್ಲಿ ಬಿಸಿನೀರು, ತಣ್ಣೀರು ಎರಡೂ ಉಕ್ಕುವುದರಿಂದ ಚಳಿಗಾಲದ ಮುಂಜಾನೆ ಕೆರೆಯೇ ಹಬೆಯಾಡುತ್ತದೆ.

ಆದರೆ ಮಗಾ, ಆ ನೋಟ ಇವತ್ತು ಇರುವುದೇ ಊರವರು ಬೇಡ ಎಂದದ್ದರಿಂದ. 1952ರಲ್ಲಿ ಅಲ್ಲಿ ಅಣೆಕಟ್ಟು ಕಟ್ಟಿ ಇಡೀ ಕಣಿವೆಯನ್ನು ಮುಳುಗಿಸುವ ಯೋಜನೆ ಬಂತು. ಊರವರು ಎದ್ದು ನಿಂತು ತಡೆದರು. 1970ರಲ್ಲಿ ಹತ್ತಿರದ ಜೌಗು ಹುಲ್ಲುಗಾವಲಿನಲ್ಲಿ ಗಾಲ್ಫ್ ಮೈದಾನ ಮಾಡಲು ಹೊರಟರು, ಅದನ್ನೂ ತಡೆದರು. ತಡೆದ ಮೇಲೆ ಬದುಕುವುದು ಹೇಗೆ? ಮರುವರ್ಷ ಮೂವರು ಯುವ ವಸತಿಗೃಹದವರು ಯುರೋಪಿಗೆ ಹೋಗಿ, ಜರ್ಮನಿಯ ಬಿಸಿನೀರಿನ ಊರುಗಳು ನಿಶ್ಶಬ್ದವನ್ನೂ ಹಸಿರನ್ನೂ ಹೇಗೆ ಕಾಪಾಡಿಕೊಂಡಿವೆ ಎಂದು ನೋಡಿ ಬಂದರು. ಹುಲ್ಲುಗಾವಲು ಮಾರಿಹೋಗದಂತೆ, ಪಟ್ಟಣದವರು ಒಂದೊಂದು ಹಸುವಿಗೆ ಹಣ ಹಾಕುವ, ಬಡ್ಡಿಯ ಬದಲು ಊರಿನ ಬೆಳೆ ಪಡೆಯುವ ಏರ್ಪಾಡು ಮಾಡಿದರು. 1990ರಲ್ಲಿ ದೊಡ್ಡ ಕಟ್ಟಡಗಳಿಗೆ ಕಡಿವಾಣ ಹಾಕುವ ಊರಿನದೇ ನಿಯಮ ಬಂತು. ಈಗ ಹಗಲಿನಲ್ಲಿ ಪೇಟೆಬೀದಿ ಜನರಿಂದ ಗಿಜಿಗುಡುತ್ತದೆ ನಿಜ. ಆದರೆ ಸಂಜೆ ಬಸ್ಸುಗಳು ಹೋದ ಮೇಲೆ ಗದ್ದೆಯ ಬದುವಿನಲ್ಲಿ ನಡೆದರೆ ಹಳೆಯ ಊರು ಸಿಗುತ್ತದೆ.

ಹುಡುಗಿ: ಅಲ್ಲಿಂದ ಯಾಮಾನಮಿ ರಸ್ತೆ ಶುರುವಾ?

ಅತ್ತೆ: ಹೌದು. ಕಾಡಿನೊಳಗಿನ ತಿರುವುಗಳು ಮುಗಿದು ಚೋಜಾಬರು ಬಯಲು ಬಂದಾಗ ಕಿಟಕಿ ಇಳಿಸು. ನಾವು ಹೋದಾಗ ಎತ್ತ ನೋಡಿದರೂ ‘ಸುಸುಕಿ’ ಹುಲ್ಲಿನ ಬೆಳ್ಳಿಯ ತೆನೆ, ಅದರಾಚೆ ಕುಜೂ ಬೆಟ್ಟಗಳು. ಅವುಗಳಲ್ಲಿ ನಕದಾಕೆ 1,791 ಮೀಟರ್, ಕ್ಯೂಶೂವಿನ ಮುಖ್ಯ ನೆಲದ ಅತಿ ಎತ್ತರದ ತುದಿ. ಬಯಲಿನ ಜೌಗು ನೆಲದ ಮೇಲೆ ಮರದ ಹಲಗೆಯ ಕಾಲುದಾರಿ ಉಂಟು, 2005ರಲ್ಲಿ ಆ ಜೌಗು ನೆಲ ರಾಮ್ಸರ್ ಎಂಬ ಜಾಗತಿಕ ಜೌಗು ನೆಲಗಳ ಪಟ್ಟಿಗೆ ಸೇರಿತು. ಅಲ್ಲಿಂದ ಏರಿದರೆ ಮಕಿನೊತೊ ಕಣಿವೆಬಾಯಿ, 1,330 ಮೀಟರ್. ಚಳಿಗಾಲದಲ್ಲಿ ಅಲ್ಲಿ ಹಿಮ ಕಟ್ಟುತ್ತದೆ, ಹಿಮದ ಟೈರು ಇಲ್ಲದೆ ಹೋಗಬಾರದು. ಆ ಬೆಟ್ಟದ ಪಕ್ಕದಲ್ಲೇ ಹಚ್ಚೋಬರು ವಿದ್ಯುತ್ ಕೇಂದ್ರ. ನೆಲದ ಹಬೆಯಿಂದ 1977ರಲ್ಲಿ ವಿದ್ಯುತ್ ತೆಗೆಯಲು ಶುರುಮಾಡಿದರು. ಈಗ ಅದರ ಸಾಮರ್ಥ್ಯ 110 ಮೆಗಾವ್ಯಾಟ್, ಆ ಬಗೆಯಲ್ಲಿ ಜಪಾನಿನಲ್ಲೇ ದೊಡ್ಡದು. ಬೆಪ್ಪುವಿನಲ್ಲಿ ಗೆಣಸು ಬೇಯಿಸಿದ ಶಾಖವೇ ಇಲ್ಲಿ ದೀಪ ಉರಿಸುತ್ತದೆ.

ಹುಡುಗಿ: ರಾತ್ರಿ ಎಲ್ಲಿ ಉಳಿದಿರಿ?

ಅತ್ತೆ: ಕುರೊಕಾವಾದಲ್ಲಿ. ಹೊಳೆಯ ಇಕ್ಕೆಲದಲ್ಲಿ ಸುಮಾರು ಮೂವತ್ತು ವಸತಿಗೃಹಗಳಿರುವ ಸಣ್ಣ ಊರು. ಯಾಮಾನಮಿ ರಸ್ತೆ ತೆರೆದಾಗ ಜನ ನುಗ್ಗಿ ಬಂದರು, ಹೊಸತನ ಹೋದ ಮೇಲೆ ಬರುವುದೂ ನಿಂತಿತು. ಗೋತೋ ತೆತ್ಸುಯ ಎಂಬ ಒಬ್ಬರು ತಮ್ಮ ವಸತಿಗೃಹದ ಹಿಂದಿನ ಬಂಡೆಯನ್ನು ಉಳಿ ಸುತ್ತಿಗೆ ಹಿಡಿದು ವರ್ಷಗಟ್ಟಲೆ ಕೊರೆದು ಗುಹೆಯ ಸ್ನಾನಕೊಳ ಮಾಡಿದರು. ಬೆಟ್ಟದಿಂದ ಕಾಡುಮರಗಳನ್ನು ತಂದು ಅಂಗಳದಲ್ಲಿ ನೆಟ್ಟರು. ಅವರಲ್ಲಿಗೆ ಮಾತ್ರ ಜನ ಬರುತ್ತಿದ್ದರು. ನೆರೆಯವರು ಬಂದು ಕೇಳಿದಾಗ ಗುಟ್ಟು ಮುಚ್ಚಿಡಲಿಲ್ಲ, ಕಲಿಸಿದರು. ಎಲ್ಲರೂ ಬಯಲಿನ ಸ್ನಾನಕೊಳ ಕಟ್ಟಿಕೊಂಡರು. ಎರಡು ವಸತಿಗೃಹಗಳಿಗೆ ಮಾತ್ರ ಕಟ್ಟಲು ಜಾಗ ಇರಲಿಲ್ಲ.

ಹುಡುಗಿ: ಆಗ?

ಅತ್ತೆ: ಅವರನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. 1986ರಲ್ಲಿ ಒಂದು ಮರದ ಬಿಲ್ಲೆ ಮಾಡಿದರು, ಅದಕ್ಕೆ ‘ನ್ಯೂತೊ ತೆಗತ’ ಎಂದು ಹೆಸರು. ಆ ನಾಡಿನ ದೇವದಾರಿನಂಥ ಸುಗಿ ಮರದ ಅಡ್ಡ ತುಂಡು. ಅದು ಕೈಯಲ್ಲಿದ್ದರೆ ಯಾವ ಮನೆಯ ಅತಿಥಿಯಾದರೂ ಊರಿನ ಬೇರೆ ಬೇರೆ ಮೂರು ಕೊಳಗಳಲ್ಲಿ ಮೀಯಬಹುದು. ಊರೇ ಒಂದು ಮನೆ, ಬೀದಿಗಳು ಅದರ ಪಡಸಾಲೆ, ಒಂದೊಂದು ವಸತಿಗೃಹ ಒಂದೊಂದು ಕೋಣೆ ಎಂಬುದು ಅವರ ಮಾತು. ಆಮೇಲೆ ರಸ್ತೆಯಲ್ಲಿ ಒಬ್ಬೊಬ್ಬರು ನಿಲ್ಲಿಸಿದ್ದ ಜಾಹೀರಾತು ಫಲಕಗಳನ್ನೂ, ಇನ್ನೂರರಷ್ಟು, ಕಿತ್ತು ಹಾಕಿದರು. ನಾನು ಕೊರಳಿಗೆ ಬಿಲ್ಲೆ ಹಾಕಿಕೊಂಡು, ಹೊಳೆಯ ಸದ್ದು ಕೇಳುತ್ತ, ಮೇಪಲ್ ಎಲೆ ಉದುರಿದ ನೀರಿನಲ್ಲಿ ಕೂತಿದ್ದೆ. ನೆರೆಯವನ ಬಚ್ಚಲಿಗೆ ತನ್ನ ಅತಿಥಿಯನ್ನು ಕಳುಹಿಸುವಷ್ಟು ಮನಸ್ಸು ವ್ಯಾಪಾರದಲ್ಲಿ ಅಪರೂಪ. ಆ ಊರು ಉಳಿದದ್ದು ಅದರಿಂದ.

ಹುಡುಗಿ: ಮೂರನೆಯ ದಿನ ಆಸೋ.

ಅತ್ತೆ: ಬೆಳಿಗ್ಗೆ ದಾಯ್ಕನ್‌ಬೊ ಎಂಬ ಅಂಚಿಗೆ ಹೋಗು, 936 ಮೀಟರ್. ಹುಲ್ಲಿನ ಗುಡ್ಡ ತಟ್ಟನೆ ಮುಗಿದು ಕೆಳಗೆ ಒಂದು ನಾಡೇ ಕಾಣುತ್ತದೆ. ಸುಮಾರು 90,000 ವರ್ಷಗಳ ಹಿಂದೆ ಜ್ವಾಲಾಮುಖಿ ಮಹಾಸ್ಫೋಟವಾಗಿ, ಒಳಗಿನ ಶಿಲಾರಸ ಬರಿದಾಗಿ, ಮೇಲಿನ ನೆಲ ಕುಸಿದು ಆದ ಕಾಲ್ಡೆರಾ ಅದು. ಉತ್ತರ ದಕ್ಷಿಣ 25 ಕಿಲೋಮೀಟರ್, ಪೂರ್ವ ಪಶ್ಚಿಮ 18. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಅವತ್ತು ಕಣ್ಣಾರೆ ಕಂಡೆ. ಅದರೊಳಗೆ ಊರುಗಳಿವೆ, ಗದ್ದೆಗಳಿವೆ, ರೈಲು ಓಡುತ್ತದೆ. ನಡುವಿನ ಐದು ಶಿಖರಗಳು ಮಲಗಿದ ಬುದ್ಧನ ಹಾಗೆ ಕಾಣುತ್ತವೆ, ಅವುಗಳಲ್ಲಿ ಒಂದಾದ ನಕದಾಕೆ ಈಗಲೂ ಹೊಗೆಯಾಡುತ್ತದೆ. ಕುಜೂವಿನ ನಕದಾಕೆ ಬೇರೆ, ಇದು ಬೇರೆ. ಗಾಳಿಯಲ್ಲಿ ಗಂಧಕದ ಅನಿಲ ಹೆಚ್ಚಾದರೆ ಬಾಯಿಯ ಹತ್ತಿರ ಬಿಡುವುದಿಲ್ಲ, ಅಸ್ತಮಾ ಇದ್ದವರು ಹೋಗಲೇಬಾರದು.

ಹುಡುಗಿ: ಫೋಟೋದಲ್ಲಿ ಆ ಹುಲ್ಲುಗಾವಲು ಎಷ್ಟು ನುಣುಪಾಗಿ ಕಾಣುತ್ತದೆ! ಪ್ರಕೃತಿಯೇ ಹಾಗೆ ಮಾಡಿದೆ, ಅಲ್ವಾ?

ಅತ್ತೆ: ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲ. ಅಷ್ಟು ಮಳೆ ಬೀಳುವ ನೆಲವನ್ನು ಸುಮ್ಮನೆ ಬಿಟ್ಟರೆ ಪೊದೆ ಬೆಳೆದು ಕಾಡಾಗುತ್ತದೆ. ಸಾವಿರ ವರ್ಷದಿಂದ ಜನ ಅದನ್ನು ಹುಲ್ಲಾಗಿ ಉಳಿಸಿಕೊಂಡಿದ್ದಾರೆ. ಬೇಸಗೆ ಮುಗಿಯುವಾಗ ಗುಡ್ಡದ ಅಂಚಿನಲ್ಲಿ ಹುಲ್ಲು ಕೊಯ್ದು ಬೆಂಕಿ ಹರಡದ ಹಾಗೆ ಪಟ್ಟಿ ಕಡಿಯುತ್ತಾರೆ, ಒಟ್ಟು ನೂರಾರು ಕಿಲೋಮೀಟರ್. ಮಾರ್ಚ್ ಹೊತ್ತಿಗೆ ಒಣ ಹುಲ್ಲಿಗೆ ಬೆಂಕಿ ಇಡುತ್ತಾರೆ, ಅದು ‘ನೊಯಾಕಿ’. ಗುಡ್ಡವೆಲ್ಲ ಕಪ್ಪಾಗಿ, ಮೇ ತಿಂಗಳಿಗೆ ಹಸಿರು ಚಿಗುರಿ, ಕಂದು ಬಣ್ಣದ ‘ಅಕಉಶಿ’ ದನಗಳು ಮೇಯಲು ಬರುತ್ತವೆ. ಆ ನೆಲ ಹೀರಿದ ಮಳೆನೀರು ಕ್ಯೂಶೂವಿನ ಆರು ದೊಡ್ಡ ನದಿಗಳಿಗೆ ಮೂಲ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ದನ ಸಾಕುವವರು ಕಡಿಮೆಯಾಗಿ, ಹಳ್ಳಿಗಳಿಗೆ ವಯಸ್ಸಾಗಿ, ಈಗ ಪಟ್ಟಣಗಳ ಸ್ವಯಂಸೇವಕರು ಬಂದು ಬೆಂಕಿ ಕೆಲಸಕ್ಕೆ ಹೆಗಲು ಕೊಡುತ್ತಾರೆ.

ಹುಡುಗಿ: ಅಲ್ಲಿ ಭೂಕಂಪ ಆಗಿತ್ತಲ್ಲ?

ಅತ್ತೆ: 2016ರ ಏಪ್ರಿಲ್ 14 ಮತ್ತು 16ರಂದು. ಗುಡ್ಡ ಜರಿದು ಆಸೋ ದೊಡ್ಡ ಸೇತುವೆ ಕಣಿವೆಗೆ ಬಿತ್ತು. ಆಸೋ ದೇವಾಲಯದ ಎರಡಂತಸ್ತಿನ ಹೆಬ್ಬಾಗಿಲು ಕುಸಿಯಿತು. ಉಚಿನೊಮಾಕಿ ಎಂಬ ಬಿಸಿನೀರಿನ ಊರಿನಲ್ಲಿ ಕೆಲವು ಸೆಲೆಗಳೇ ನಿಂತುಹೋದವು. ಕಾದಂಬರಿಕಾರ ನತ್ಸುಮೆ ಸೊಸೆಕಿ 1899ರಲ್ಲಿ ಬಂದು ತಂಗಿದ್ದ ಊರು ಅದು. ಭೂಮಿ ಕೊಟ್ಟದ್ದನ್ನು ಭೂಮಿಯೇ ಕಿತ್ತುಕೊಳ್ಳಬಹುದು ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರು ಮತ್ತೆ ಕೊರೆದರು, ಮತ್ತೆ ಕಟ್ಟಿದರು. ಹೊಸ ಸೇತುವೆ 2021ರ ಮಾರ್ಚಿನಲ್ಲಿ ತೆರೆಯಿತು. ಹೆಬ್ಬಾಗಿಲಿನ ಹಳೆಯ ಮರಗಳನ್ನು ಒಂದೊಂದಾಗಿ ಆಯ್ದು, ಆದಷ್ಟನ್ನು ಮತ್ತೆ ಜೋಡಿಸಿ 2023ರ ಡಿಸೆಂಬರಿನಲ್ಲಿ ನಿಲ್ಲಿಸಿದರು.

ಹುಡುಗಿ: ಅತ್ತೇ, ನೀವು ನೀರಿನ ಬಗ್ಗೆ ಹೇಳುತ್ತೀರಿ ಎಂದು ಕೂತೆ. ಹೇಳಿದ್ದೆಲ್ಲ ಜನರ ಬಗ್ಗೆ.

ಅತ್ತೆ: ಬಿಸಿನೀರು ಭೂಮಿಯ ಕೊಡುಗೆ, ಅದು ಎಲ್ಲಿ ಬೇಕಾದರೂ ಉಕ್ಕಬಹುದು. ಆ ದಾರಿಯ ಚೆಲುವು ಜನ ಉಳಿಸಿಕೊಂಡದ್ದು. ಅಣೆಕಟ್ಟು ಬೇಡ ಎಂದರು, ಫಲಕ ಕಿತ್ತರು, ಹುಲ್ಲಿಗೆ ಹೊತ್ತಿಗೆ ಸರಿಯಾಗಿ ಬೆಂಕಿ ಇಟ್ಟರು, ಬಚ್ಚಲನ್ನು ನೆರೆಯವರೊಂದಿಗೆ ಹಂಚಿಕೊಂಡರು. ಕಾರಿನಲ್ಲಿ ಕೂತು ನೋಡುವ ನಮಗೆ ಇಷ್ಟಾದರೂ ಗೊತ್ತಿರಬೇಕು.

ಹುಡುಗಿ: ಮೂರಲ್ಲ, ನಾಲ್ಕು ದಿನ ಇಡುತ್ತೇನೆ. ಒಸಾಕಾ ಇನ್ನೊಮ್ಮೆ ನೋಡಿದರಾಯಿತು. ಬೇರೆ ಏನಾದರೂ ನೆನಪಿಡಬೇಕಾ?

ಅತ್ತೆ: ಒಂದೇ ಒಂದು. ಮಿಂದು ಏಳುವಾಗ ಕೂತ ಮಣೆಯನ್ನು ನೀರು ಹುಯ್ದು ತೊಳೆ, ಬೋಗುಣಿಯನ್ನು ಬೋರಲು ಹಾಕಿ ಇದ್ದ ಜಾಗದಲ್ಲೇ ಇಡು. ಅಲ್ಲಿ ಪ್ರತಿಯೊಬ್ಬರೂ ಮುಂದೆ ಬರುವವರಿಗಾಗಿ ಹಾಗೆ ಮಾಡುತ್ತಾರೆ. ನೀನೂ ಮಾಡಿಯೇ ಬಾ.